ಐದಡಿ ಹೆಣ್ಣುಮಗಳಿಗೆ ಸೈಕಲ್ ಎಲ್ಲಿದೆ?

ವೀಕ್ಷಕರೇ, ಇವತ್ತು ರಾಜಕೀಯಕ್ಕೆ ರಜೆ. ಒಂದು ಸೈಕಲ್ ವಿಚಾರ ಮಾತಾಡೋಣ. ಸೈಕಲ್ ಅಂದ ತಕ್ಷಣ ರಿಮೋಟ್‌ಗೆ ಕೈ ಹಾಕಬೇಡಿ. ನಿಮ್ಮ ಮನೆಯಲ್ಲೋ, ಪಕ್ಕದ ಮನೆಯಲ್ಲೋ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಹೆಲ್ಮೆಟ್ ಹಾಕ್ಕೊಂಡು ಹೊರಡೋ ಹೆಣ್ಣುಮಗಳು ಇದ್ದರೆ, ಈ ಮಾತು ಅವರದ್ದೇ.

ಟ್ರಯಥ್ಲಾನ್ ಅಂದ್ರೆ ಈಜು, ಸೈಕಲ್, ಓಟ. ಮೂರೂ ಒಂದರ ಬೆನ್ನಿಗೆ ಒಂದು, ನಡುವೆ ಗಡಿಯಾರ ನಿಲ್ಲಲ್ಲ. 1978ರಲ್ಲಿ ಹವಾಯಿಯಲ್ಲಿ ಮೊದಲ ಐರನ್‌ಮ್ಯಾನ್ ನಡೆಯಿತು. 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, 42.2 ಕಿಲೋಮೀಟರ್ ಓಟ. ಇದರ ಅರ್ಧದಷ್ಟು ದೂರದ ಸ್ಪರ್ಧೆ 2019ರಲ್ಲಿ ಗೋವಾಕ್ಕೂ ಬಂತು. ಬೆಂಗಳೂರಿನಿಂದ ಗೋವಾ ಒಂದು ರಾತ್ರಿಯ ಬಸ್ಸು. ಹೀಗಾಗಿ ನಂದಿ ಬೆಟ್ಟದ ಏರಿನಲ್ಲಿ ಭಾನುವಾರ ಬೆವರು ಸುರಿಸೋ ನಮ್ಮ ಜನರಿಗೆ ಇದೇನೂ ಪರದೇಶದ ಕನಸಲ್ಲ ಈಗ.

ಸಮಸ್ಯೆ ಶುರುವಾಗೋದು ಅಂಗಡಿಯಲ್ಲಿ. ಭಾರತದ ಮಹಿಳೆಯರ ಸರಾಸರಿ ಎತ್ತರ ಸುಮಾರು 152 ಸೆಂಟಿಮೀಟರ್. ಅಂದ್ರೆ ಐದಡಿ. ಟ್ರಯಥ್ಲಾನ್ ಸೈಕಲ್‌ಗಳ ಅನೇಕ ಮಾಡೆಲ್‌ಗಳಲ್ಲಿ ಅತಿ ಚಿಕ್ಕ ಸೈಜು ಕೂಡ ಐದಡಿ ಎರಡು-ಮೂರು ಇಂಚಿನವರನ್ನು ಮನಸ್ಸಲ್ಲಿಟ್ಟುಕೊಂಡು ಮಾಡಿದ್ದು. ಅಂದ್ರೆ ನಮ್ಮ ದೇಶದ ಸಾಮಾನ್ಯ ಹೆಣ್ಣುಮಗಳು ಆ ಲೆಕ್ಕದಲ್ಲಿ ಗಿಡ್ಡ ಅಲ್ಲ, ಲೆಕ್ಕಕ್ಕೇ ಇಲ್ಲ! ಅಂಗಡಿಯವರು ಏನಂತಾರೆ? "ಮೇಡಂ, ಸೀಟು ಇಳಿಸಿ ಕೊಡ್ತೀವಿ, ಅಡ್ಜಸ್ಟ್ ಆಗುತ್ತೆ." ಲಕ್ಷಗಟ್ಟಲೆ ದುಡ್ಡು ಕೊಟ್ಟು ಅಡ್ಜಸ್ಟ್ ಮಾಡ್ಕೊಳ್ಳೋದು! ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಗಾದೆ ಸಂಸಾರಕ್ಕೆ ಸರಿ, ಮೂರು ಗಂಟೆ ಕೂತು ತುಳಿಯೋ ಸೈಕಲ್‌ಗೆ ಸರಿಯಲ್ಲ.

ಯಾಕೆ ಅಡ್ಜಸ್ಟ್ ಆಗಲ್ಲ? ಮೊದಲು ಈ ಸೈಕಲ್ ಯಾಕೆ ಬೇರೆ ಅನ್ನೋದು ಗೊತ್ತಾಗಬೇಕು. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ದಾಟಿದ ಮೇಲೆ ನಮ್ಮ ಶಕ್ತಿಯ ಬಹುಪಾಲು ಹೋಗೋದು ಗಾಳಿಯನ್ನು ಸೀಳೋದಕ್ಕೆ. ಆ ಗಾಳಿಗೆ ಅಡ್ಡ ನಿಲ್ಲೋದು ಸೈಕಲ್‌ಗಿಂತ ಹೆಚ್ಚಾಗಿ ನಮ್ಮ ಮೈ. ಐರನ್‌ಮ್ಯಾನ್ ಸ್ಪರ್ಧೆಯಲ್ಲಿ ಮುಂದಿನವರ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸೋ ಹಾಗಿಲ್ಲ, ಸಾಮಾನ್ಯ ಸ್ಪರ್ಧಿಗಳು 12 ಮೀಟರ್ ಅಂತರ ಬಿಡಲೇಬೇಕು. ಒಲಿಂಪಿಕ್ಸ್ ಕಥೆ ಬೇರೆ. 2000ದ ಸಿಡ್ನಿಯಿಂದ ಟ್ರಯಥ್ಲಾನ್ ಅಲ್ಲಿದೆ, ಆದ್ರೆ ಅಲ್ಲಿ ಗುಂಪಲ್ಲಿ ಹೋಗಬಹುದು, ಹಾಗಾಗಿ ಮಾಮೂಲಿ ರೋಡ್ ಸೈಕಲ್ ಸಾಕು. ಒಂಟಿಯಾಗಿ ಗಾಳಿ ಎದುರಿಸುವವರಿಗೆ ಮಾತ್ರ ಮೊಣಕೈ ಊರಿ ಬಗ್ಗಿ ಕೂರೋ ಸೈಕಲ್ ಬೇಕು. ಹ್ಯಾಂಡಲ್ ಮೇಲೆ ಎರಡು ಪ್ಯಾಡ್, ಅದರ ಮುಂದೆ ಹಿಡಿಯೋಕೆ ಎರಡು ಕೊಂಬು. ಎಷ್ಟು ಬಗ್ಗಬೇಕೋ ಅಷ್ಟು ಬಗ್ಗಿದರೆ ಹೊಟ್ಟೆಗೂ ತೊಡೆಗೂ ಢಿಕ್ಕಿ. ಅದಕ್ಕೇ ಸೀಟನ್ನು ಮುಂದಕ್ಕೆ ತಂದರು. ರೋಡ್ ಸೈಕಲ್‌ನಲ್ಲಿ ಸೀಟಿನ ಕೊಳವೆ ಸುಮಾರು 73 ಡಿಗ್ರಿ ಓರೆ, ಇದರಲ್ಲಿ 78ರ ಆಸುಪಾಸು. ಇಡೀ ಮೈಯನ್ನು ಪೆಡಲ್ ಸುತ್ತ ಮುಂದಕ್ಕೆ ತಿರುಗಿಸಿದ ಹಾಗೆ. ತೊಡೆಯ ಹಿಂಭಾಗಕ್ಕೂ ಸ್ವಲ್ಪ ಬಿಡುವು, ಇಳಿದ ಮೇಲೆ ಓಡಬೇಕಲ್ಲ.

1980ರ ದಶಕದ ಕೊನೆಗೆ ಅಮೆರಿಕದ ಡ್ಯಾನ್ ಎಂಫೀಲ್ಡ್ ಕ್ವಿಂಟಾನಾ ರೂ ಹೆಸರಿನಲ್ಲಿ ಟ್ರಯಥ್ಲಾನ್‌ಗೆ ಅಂತಲೇ ಸೈಕಲ್ ಮಾಡಿದರು. ಆ ಸೈಕಲ್‌ಗಳ ಚಕ್ರ ಚಿಕ್ಕದು, 650ಸಿ ಅಂತ ಕರೀತಾರೆ. ಈಗಿನ ಬಹುತೇಕ ರೇಸ್ ಸೈಕಲ್‌ಗಳದ್ದು 700ಸಿ. ಈ ಎರಡು ಸಂಖ್ಯೆ ನೆನಪಿಟ್ಟುಕೊಳ್ಳಿ, ಇವತ್ತಿನ ಕಥೆಯ ವಿಲನ್ ಇಲ್ಲೇ ಇದ್ದಾನೆ.

ಇಂಜಿನಿಯರಿಂಗ್ ಓದಿ ಸ್ಟುಡಿಯೋಗೆ ಬಂದವಳು ನಾನು. ಓದಿದ್ದು ಕೆಲಸಕ್ಕೆ ಬರೋ ಸಂದರ್ಭ ಅಪರೂಪ, ಹಾಗಾಗಿ ಸಿಕ್ಕಾಗ ಬಿಡಲ್ಲ. ಲೆಕ್ಕ ಹಾಕೋಣ ಬನ್ನಿ. ಐದಡಿ ಹತ್ತಿಂಚಿನ ಒಬ್ಬ ಗಂಡಸು, ಐದಡಿಯ ಒಬ್ಬ ಹೆಂಗಸು. ಕಾಲಿನ ಒಳ ಅಳತೆ ಇವರದ್ದು 84 ಸೆಂಟಿಮೀಟರ್, ಇವರದ್ದು 70 ಅಂತಿಟ್ಟುಕೊಳ್ಳಿ. ಆ ಅಳತೆಯನ್ನು 0.883ರಿಂದ ಗುಣಿಸಿದರೆ ಪೆಡಲ್ ಅಚ್ಚಿನಿಂದ ಸೀಟಿನವರೆಗಿನ ಉದ್ದ ಹೆಚ್ಚೂಕಮ್ಮಿ ಸಿಗುತ್ತೆ. ಇದು ಹಳೇ ಸೂತ್ರ, ಆರಂಭಕ್ಕೆ ಸಾಕು. ಗಂಡಸಿಗೆ 74, ಹೆಂಗಸಿಗೆ 62. ಓರೆಯನ್ನು ಕಳೆದು ನೇರ ಎತ್ತರ ನೋಡಿದರೆ 72 ಮತ್ತು 60. ಈಗ ಮುಂದುಗಡೆ ನೋಡಿ. ಅದೇ ಅಚ್ಚಿನಿಂದ ಫ್ರೇಮಿನ ಮುಂಭಾಗದ ತುದಿವರೆಗಿನ ಎತ್ತರಕ್ಕೆ ಸ್ಟ್ಯಾಕ್ ಅಂತಾರೆ. ಗಂಡಸಿನ ಸೈಕಲ್‌ನಲ್ಲಿ 53 ಇದೆ ಅನ್ನೋಣ, ಚಿಕ್ಕ ಸೈಜಿನಲ್ಲಿ 48. ಇದರ ಮೇಲೆ ಹ್ಯಾಂಡಲ್, ಪ್ಯಾಡ್ ಎಲ್ಲ ಸೇರಿ ಒಂಬತ್ತು. ಅಂದ್ರೆ ಪ್ಯಾಡಿನ ಎತ್ತರ 62 ಮತ್ತು 57. ಗಂಡಸಿನ ಮೊಣಕೈ ಸೀಟಿಗಿಂತ ಹತ್ತು ಸೆಂಟಿಮೀಟರ್ ಕೆಳಗೆ, ಹೆಂಗಸಿನದ್ದು ಬರೀ ಮೂರು! ಆಕೆಯ ಕೈ ಗಿಡ್ಡ ಇರೋದ್ರಿಂದ ಹತ್ತು ಬೇಕಾಗಿಲ್ಲ, ಆರೇಳು ಸಾಕು. ಆದ್ರೆ ಸಿಗ್ತಿರೋದು ಅದರ ಅರ್ಧ. ಬಗ್ಗೋಕೆ ಅಂತಲೇ ಮಾಡಿದ ಸೈಕಲ್, ಆಕೆಯನ್ನು ಬಗ್ಗೋಕೇ ಬಿಡಲ್ಲ.

ಕಾರಣ ಚಕ್ರ. ಸವಾರ ಚಿಕ್ಕದಾದ, ಫ್ರೇಮ್ ಚಿಕ್ಕದಾಯ್ತು, ಚಕ್ರ ಮಾತ್ರ ಚಿಕ್ಕದಾಗಲಿಲ್ಲ. 700ಸಿ ಚಕ್ರ ಟೈರ್ ಸಮೇತ ಸುಮಾರು 67 ಸೆಂಟಿಮೀಟರ್ ಅಗಲ. ಅದರ ತಲೆಯ ಮೇಲೆ ಫೋರ್ಕ್ ಬರಬೇಕು, ಆಮೇಲೆ ಫ್ರೇಮ್, ಆಮೇಲೆ ಹ್ಯಾಂಡಲ್. ಇಳಿಸೋಕೆ ಜಾಗ ಎಲ್ಲಿದೆ? ಮೂಗಿಗಿಂತ ಮೂಗುತಿ ಭಾರ ಅಂದ ಹಾಗಾಯ್ತು.

ಇನ್ನೊಂದು ಅಪಾಯ ಇದೆ, ಇದನ್ನು ಅಂಗಡಿಯಲ್ಲಿ ಯಾರೂ ಹೇಳಲ್ಲ. ಮುಂದಿನ ಚಕ್ರ ಪೆಡಲ್‌ಗೆ ತೀರಾ ಹತ್ತಿರ ಬಂದಾಗ, ನಿಧಾನಕ್ಕೆ ಯೂ ಟರ್ನ್ ತಗೊಳ್ಳುವಾಗ ಕಾಲ್ಬೆರಳು ಚಕ್ರಕ್ಕೆ ತಾಗುತ್ತೆ. ಬಿದ್ದೇ ಬೀಳ್ತೀರಿ ಅಂತಲ್ಲ, ಆದ್ರೆ ಷೂ ಪೆಡಲ್‌ಗೆ ಲಾಕ್ ಆಗಿರುವಾಗ ಸುಧಾರಿಸಿಕೊಳ್ಳೋದು ಕಷ್ಟ. ಇದನ್ನು ತಪ್ಪಿಸೋಕೆ ಕಂಪನಿಗಳು ಏನ್ ಮಾಡ್ತವೆ ಗೊತ್ತಾ? ಫೋರ್ಕನ್ನು ಇನ್ನಷ್ಟು ಓರೆ ಮಾಡಿ ಚಕ್ರವನ್ನು ಮುಂದಕ್ಕೆ ತಳ್ತವೆ, ಹ್ಯಾಂಡಲ್ ತಿರುಗೋದು ಮಂದ ಆಗುತ್ತೆ. ಜೊತೆಗೆ ಸೀಟಿನ ಕೊಳವೆಯನ್ನು ಇನ್ನಷ್ಟು ನೆಟ್ಟಗೆ ನಿಲ್ಲಿಸ್ತವೆ. ಒಂದು ಡಿಗ್ರಿ ನೆಟ್ಟಗಾದರೆ ಸೀಟು ಸುಮಾರು ಒಂದು ಸೆಂಟಿಮೀಟರ್ ಮುಂದೆ ಬರುತ್ತೆ. ಆಗ ಕ್ಯಾಟಲಾಗ್‌ನಲ್ಲಿ ಮೇಲಿನ ಕೊಳವೆಯ ಉದ್ದ ಕಡಿಮೆ ಅಂತ ಕಾಣುತ್ತೆ. ನಿಜಕ್ಕೂ ಕೈಚಾಚೋ ದೂರ ಕಡಿಮೆ ಆಗಿದೆಯಾ? ಇಲ್ಲ. ಸೈಕಲ್ ಹಾಗೇ ಇದೆ, ಅಳತೆಯ ಟೇಪು ಮಾತ್ರ ಸರಿದಿದೆ. ಅದಕ್ಕೇ ಹೇಳೋದು, ಸೈಜು 47, 48 ಅಥವಾ ಎಕ್ಸ್‌ಎಸ್ ಅನ್ನೋ ಸ್ಟಿಕ್ಕರ್ ನಂಬಬೇಡಿ. ಒಂದು ಕಂಪನಿಯ 48 ಇನ್ನೊಂದು ಕಂಪನಿಯ 51 ಇದ್ದ ಹಾಗೆ ಇರಬಹುದು. ಸ್ಟ್ಯಾಕ್ ಎಷ್ಟು, ರೀಚ್ ಎಷ್ಟು, ಈ ಎರಡು ಅಂಕಿ ಕೇಳಿ. ರೀಚ್ ಅಂದ್ರೆ ಅದೇ ಅಚ್ಚಿನಿಂದ ಮುಂಭಾಗದವರೆಗಿನ ಅಡ್ಡ ದೂರ. ಈ ಎರಡು ಅಳತೆಯನ್ನು ಬಳಕೆಗೆ ತಂದವರಲ್ಲೂ ಎಂಫೀಲ್ಡ್ ಮುಖ್ಯರು.

ಹಾಗಾದ್ರೆ ಪರಿಹಾರ ಯಾರಿಗೂ ಹೊಳೀಲಿಲ್ವಾ? ಹೊಳೀತು, ಅದೂ ಒಬ್ಬ ಹೆಣ್ಣುಮಗಳಿಗೆ. ಅಮೆರಿಕದ ಜಾರ್ಜೀನಾ ಟೆರಿ, ಮೆಕ್ಯಾನಿಕಲ್ ಇಂಜಿನಿಯರ್. 1985ರಲ್ಲಿ ಸ್ವಂತ ಕಂಪನಿ ಕಟ್ಟಿದರು. ಹಿಂದೆ 700ಸಿ ಚಕ್ರ, ಮುಂದೆ ಚಿಕ್ಕ 24 ಇಂಚಿನ ಚಕ್ರ! ನೋಡಿದವರು ನಕ್ಕಿರಬಹುದು, ಗಿಡ್ಡ ಹೆಂಗಸರು ಮಾತ್ರ ಕೊಂಡುಕೊಂಡರು. ಆಮೇಲೆ 2008ರಲ್ಲಿ ತೈವಾನ್‌ನ ಜೈಂಟ್ ಕಂಪನಿಯ ಬಾನಿ ಟು ಮಹಿಳೆಯರಿಗೆ ಅಂತಲೇ ಲಿವ್ ಬ್ರ್ಯಾಂಡ್ ತಂದರು. ಆದ್ರೆ ಟ್ರಯಥ್ಲಾನ್ ಲೋಕದಲ್ಲಿ ಉಲ್ಟಾ ಆಯ್ತು. 1990ರ ದಶಕದಲ್ಲಿ ಧಾರಾಳವಾಗಿ ಸಿಗ್ತಿದ್ದ 650ಸಿ ಚಕ್ರ, ಎಲ್ಲರೂ 700ಸಿಗೆ ಹೋದ ಮೇಲೆ ಮೂಲೆಗೆ ಬಿತ್ತು. ಒಂದೇ ಸೈಜಿನ ಚಕ್ರ ಮಾಡೋದು ಕಾರ್ಖಾನೆಗೆ ಸಲೀಸು. ಆ ಸಲೀಸಿನ ಬಿಲ್ಲು ಕಟ್ಟಿದ್ದು ಐದಡಿಯವರು.

650ಸಿ ಚಕ್ರ ಹಾಕಿದರೆ ಏನ್ ಲಾಭ? ಚಕ್ರದ ಅಗಲ ಸುಮಾರು ಐದು ಸೆಂಟಿಮೀಟರ್ ಕಡಿಮೆ. ಪೆಡಲ್ ಎತ್ತರ ಹಾಗೇ ಇಟ್ಟು ಮುಂಭಾಗವನ್ನು ಐದು ಸೆಂಟಿಮೀಟರ್‌ವರೆಗೆ ಇಳಿಸಬಹುದು. ಕಾಲ್ಬೆರಳೂ ಬಚಾವ್. ಚಿಕ್ಕ ಚಕ್ರ ನಿಧಾನ ಅಲ್ವಾ ಅಂತ ಕೇಳ್ತೀರಿ. ಒಂದು ಸುತ್ತಿಗೆ ಎಂಟು ಪರ್ಸೆಂಟ್ ಕಡಿಮೆ ದೂರ ಹೋಗುತ್ತೆ, ನಿಜ. ಮುಂದಿನ ಚೈನ್‌ರಿಂಗ್ 50 ಹಲ್ಲಿನ ಬದಲು 54 ಹಾಕಿದರೆ ಲೆಕ್ಕ ಚುಕ್ತಾ.

ತೊಂದರೆ ಟೈರ್‌ದು. ನಮ್ಮಲ್ಲಿ 650ಸಿ ಟೈರ್ ಸಿಗೋದು ಕಷ್ಟ. ಮೇಲಾಗಿ 650ಬಿ ಅಂತ ಇನ್ನೊಂದಿದೆ, ಹೆಸರಲ್ಲಿ ಒಂದಕ್ಷರ ವ್ಯತ್ಯಾಸ, ರಿಮ್ಮಿಗೆ ಕೂರಲ್ಲ. 26 ಇಂಚಿನ ಮೌಂಟನ್ ಬೈಕ್ ಟೈರೂ ಕೂರಲ್ಲ. ಟೈರಿನ ಪಕ್ಕದಲ್ಲಿ ಅಚ್ಚಾಗಿರೋ ಮಿಲಿಮೀಟರ್ ಸಂಖ್ಯೆ ನೋಡಿ: 650ಸಿಗೆ 571, 650ಬಿಗೆ 584, ಮೌಂಟನ್ ಬೈಕ್‌ಗೆ 559, 700ಸಿಗೆ 622.

ಸೆಕೆಂಡ್‌ಹ್ಯಾಂಡ್ 650ಸಿ ಸೈಕಲ್ ಸಿಕ್ಕರೆ ಅದೃಷ್ಟ. ಸಿಗದಿದ್ದರೆ? ಕೈಗೆಟಕುವ ದಾರಿ ಒಂದಿದೆ, ಅದು ಕ್ರ್ಯಾಂಕ್. ಪೆಡಲ್ ಹಿಡಿದಿರೋ ತೋಳು ಅಂತಾರಲ್ಲ, ಅದೇ. ಸಾಮಾನ್ಯವಾಗಿ 170 ಮಿಲಿಮೀಟರ್. ಆರಡಿಯವರಿಗೂ, ಐದಡಿಯವರಿಗೂ ಹೆಚ್ಚೂಕಮ್ಮಿ ಅದೇ. ಐದಡಿಯವರ ಮಂಡಿ ಎದೆವರೆಗೆ ಬಂದು ಹೋಗುತ್ತೆ. ಇದನ್ನು 155ಕ್ಕೆ ಇಳಿಸಿ ನೋಡಿ. ಕಾಲು ಕೆಳಗಿದ್ದಾಗ ಪೆಡಲ್ ಒಂದೂವರೆ ಸೆಂಟಿಮೀಟರ್ ಮೇಲೆ ಬಂತು, ಸೀಟನ್ನೂ ಅಷ್ಟೇ ಏರಿಸಬಹುದು. ಆಗ ಮೂರು ಇದ್ದ ಅಂತರ ನಾಲ್ಕೂವರೆ ಆಯ್ತು. ಮಂಡಿ ಮೇಲೆ ಬಂದಾಗ ಸೊಂಟಕ್ಕೆ ಜಾಗವೂ ಸಿಕ್ತು. ಶಕ್ತಿ ಕಮ್ಮಿ ಆಗಲ್ವಾ? ಜೇಮ್ಸ್ ಮಾರ್ಟಿನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 120ರಿಂದ 220 ಮಿಲಿಮೀಟರ್‌ವರೆಗಿನ ಕ್ರ್ಯಾಂಕ್ ಹಾಕಿ ಪರೀಕ್ಷೆ ಮಾಡಿದರು. ಎರಡು ತುದಿಗಳಲ್ಲಿ ಕೂಡ ಗರಿಷ್ಠ ಶಕ್ತಿ ಕಡಿಮೆಯಾಗಿದ್ದು ಸುಮಾರು ನಾಲ್ಕು ಪರ್ಸೆಂಟ್. ಅದು ಗಂಡಸರ ಮೇಲೆ, ಕೆಲವೇ ಸೆಕೆಂಡಿನ ಬಿರುಸಿನ ತುಳಿತದ ಪರೀಕ್ಷೆ, ಅದನ್ನೂ ಹೇಳಬೇಕು. ಆದ್ರೂ 170ರಿಂದ 155ಕ್ಕೆ ಇಳಿಯೋಕೆ ಹೆದರಬೇಕಾಗಿಲ್ಲ ಅನ್ನೋಕೆ ಅಷ್ಟು ಸಾಕು.

ಹೆಂಗಸರ ಮಾಡೆಲ್ ಅಂತ ಗುಲಾಬಿ ಬಣ್ಣ ಬಳಿದು ತೋರಿಸ್ತಾರಲ್ಲ, ಅದರ ಬಗ್ಗೆ ನನಗೆ ಅನುಮಾನ. ಹೆಂಗಸರಿಗೆ ಕಾಲುದ್ದ, ಮೈಗಿಡ್ಡ ಅನ್ನೋ ಮಾತು ಬಹಳ ಕಾಲ ನಡೀತು. ಸ್ಪೆಷಲೈಜ್ಡ್ ಕಂಪನಿ ತಾನು ಸಂಗ್ರಹಿಸಿದ ಸಾವಿರಾರು ಜನರ ಅಳತೆ ನೋಡಿ, ಗಂಡು-ಹೆಣ್ಣಿನ ನಡುವಿನದಕ್ಕಿಂತ ಹೆಣ್ಣು-ಹೆಣ್ಣಿನ ನಡುವೆಯೇ ವ್ಯತ್ಯಾಸ ಹೆಚ್ಚು ಅಂತ ಹೇಳಿ ಬೇರೆ ಫ್ರೇಮ್ ಮಾಡೋದನ್ನೇ ಬಿಟ್ಟಿತು. ಸೀಟಿನ ವಿಷಯ ಮಾತ್ರ ಬೇರೆ. ಮುಂದಕ್ಕೆ ಬಾಗಿ ಗಂಟೆಗಟ್ಟಲೆ ಕೂತಾಗ ನೋವು, ಊತ, ಗಾಯ ಆಗೋದು ಹೇಳಿಕೊಳ್ಳೋಕೆ ಸಂಕೋಚದ ಜಾಗದಲ್ಲಿ. ಎಷ್ಟೋ ಜನ ಸುಮ್ಮನೆ ಸೈಕಲ್ ಮಾರಿ ಬಿಟ್ಟುಬಿಡ್ತಾರೆ. ಮೂತಿ ಸೀಳಿದ ಸೀಟುಗಳು ಬಂದಿವೆ, ಎರಡು-ಮೂರು ಬಗೆ ಕೂತು ನೋಡದೆ ಕೊಳ್ಳಬೇಡಿ.

ಗಿಡ್ಡ ಇದ್ರೆ ಈ ಆಟ ಬೇಡ ಅನ್ನುವವರಿಗೆ ಒಂದು ಹೆಸರು: ಆಸ್ಟ್ರೇಲಿಯಾದ ಮಿರಿಂಡಾ ಕಾರ್ಫ್ರೇ. ಎತ್ತರ ಐದಡಿ ಮೂರಿಂಚು. 2010, 2013, 2014ರಲ್ಲಿ ಹವಾಯಿ ಐರನ್‌ಮ್ಯಾನ್ ವಿಶ್ವ ಚಾಂಪಿಯನ್. 2014ರಲ್ಲಿ ಸೈಕಲ್ ಇಳಿದಾಗ ಮುಂದಿದ್ದವರಿಗಿಂತ 14 ನಿಮಿಷ ಹಿಂದಿದ್ದರು, ಓಡಿ ಹಿಡಿದರು. 180 ಕಿಲೋಮೀಟರ್ ತುಳಿದ ಮೇಲೆ ಹಾಗೆ ಓಡೋಕೆ ಬೆನ್ನು, ಸೊಂಟ ಉಳಿದಿರಬೇಕು.

ಕೊಳ್ಳೋಕೆ ಹೊರಟವರಿಗೆ ನನ್ನ ಸಲಹೆ, ಮೊದಲು ಅಂಗಡಿಗೆ ಹೋಗಬೇಡಿ. ಬೈಕ್ ಫಿಟ್ಟಿಂಗ್ ಮಾಡೋರ ಹತ್ರ ಹೋಗಿ, ಸ್ಟ್ಯಾಂಡ್ ಮೇಲೆ ಕೂತು ತುಳಿಯಿರಿ. ನಿಮ್ಮ ಮೊಣಕೈ ಪ್ಯಾಡ್ ಎಲ್ಲಿ ಬರಬೇಕು ಅನ್ನೋ ಎರಡು ಅಂಕಿ ಬರೆಸಿಕೊಳ್ಳಿ. ಆ ಚೀಟಿ ಹಿಡಿದು ಸೈಕಲ್ ಹುಡುಕಿ. ಯಾವುದೂ ಹೊಂದದಿದ್ದರೆ, ಮೈಗೆ ಸರಿಯಾದ ಚಿಕ್ಕ ರೋಡ್ ಸೈಕಲ್ ಕೊಂಡು ಅದರ ಹ್ಯಾಂಡಲ್‌ಗೆ ಮೊಣಕೈ ಪ್ಯಾಡ್ ಸಿಕ್ಕಿಸಿ, ಸೀಟು ಸ್ವಲ್ಪ ಮುಂದೆ ತನ್ನಿ. ಹೊಂದದ ದುಬಾರಿ ಟ್ರಯಥ್ಲಾನ್ ಸೈಕಲ್‌ಗಿಂತ ಇದೇ ವಾಸಿ. ಸ್ಟುಡಿಯೋದಲ್ಲಿ ನನ್ನ ಕುರ್ಚಿಯನ್ನೂ ಏರಿಸಿಯೇ ಕೊಡ್ತಾರೆ, ಅದು ನಿಮಗೆ ಕಾಣಲ್ಲ ಅಷ್ಟೇ.

ಅಂಗಡಿಯಲ್ಲಿ ಇನ್ನೆರಡು ಪರೀಕ್ಷೆ ಮಾಡಿ. ಬ್ರೇಕ್ ಹಿಡಿ ನಿಮ್ಮ ಬೆರಳಿಗೆ ಎಟುಕುತ್ತಾ? ಷೂ ಹಾಕಿಕೊಂಡು, ಪೆಡಲ್ ಅಡ್ಡ ಇಟ್ಟು ಹ್ಯಾಂಡಲ್ ತಿರುಗಿಸಿ, ಕಾಲ್ಬೆರಳು ತಾಗುತ್ತಾ? ಮುಂದಿನ ಚಕ್ರಕ್ಕೆ ಆಳವಾದ ರಿಮ್ಮಿನ ಕಾರ್ಬನ್ ಚಕ್ರ ಹಾಕಿಸಿ ಅಂತ ಒತ್ತಾಯ ಮಾಡಿದರೆ ಬೇಡ ಅನ್ನಿ. ಐವತ್ತು ಕೆ.ಜಿ. ತೂಕದವರನ್ನು ಕರಾವಳಿಯ ಅಡ್ಡಗಾಳಿ ಅಂಥ ಚಕ್ರದ ಸಮೇತ ಪಕ್ಕಕ್ಕೆ ತಳ್ಳುತ್ತೆ. ಇನ್ನು 650ಸಿ ಸೈಕಲ್ಲೇ ಸಿಕ್ಕಿದ್ದರೆ, ಗೋವಾಕ್ಕೆ ಹೊರಡುವಾಗ ಬ್ಯಾಗಲ್ಲಿ ಒಂದು ಟೈರ್, ಎರಡು ಟ್ಯೂಬ್ ಇರಲಿ.