ಒಂದು ಹೋಳು ಸೀಬೆ ಸಾಕು

ಎರಡೂವರೆ ವರ್ಷದ ಮಗುವಿಗೆ ದಿನಕ್ಕೆ ಬೇಕಾದ ವಿಟಮಿನ್ ಸಿ ಸುಮಾರು 30 ಮಿಲಿಗ್ರಾಂ. 100 ಗ್ರಾಂ ಸೀಬೆಹಣ್ಣಿನಲ್ಲಿ ಅದು 200 ಮಿಲಿಗ್ರಾಂ ಮೀರಿ ಇರುತ್ತದೆ. ಮಾರ್ಕೆಟ್ಟಿನಲ್ಲಿ ಗುಡ್ಡೆ ಹಾಕಿ ಮಾರುವ ಸಾಧಾರಣ ಸೀಬೆಯನ್ನು ನಾಲ್ಕು ಹೋಳು ಮಾಡಿ, ಒಂದು ಹೋಳು ಮಗುವಿನ ಹೊಟ್ಟೆ ಸೇರಿತೆಂದರೆ ಆ ದಿನದ ಸಿ ಲೆಕ್ಕ ಚುಕ್ತಾ. ಬೀಜದ ಭಾಗ ತೆಗೆದು ತೆಳ್ಳಗೆ ಹೆಚ್ಚಿ ಕೊಡಬೇಕು, ಅಷ್ಟೆ. ನಮ್ಮ ಜನ ಮಾತ್ರ ಸೀಬೆ ಕೊಟ್ಟರೆ ಶೀತ ಅಂತ ಹೆದರಿ, ಮೇಣ ಬಳಿದ ಸೇಬನ್ನು ಕಿಲೋಗೆ ಇನ್ನೂರು ಕೊಟ್ಟು ತರುತ್ತಾರೆ. ಸೀಬೆಯಲ್ಲಿರುವ ವಿಟಮಿನ್ ಸಿಯ ಹತ್ತರಲ್ಲೊಂದು ಪಾಲೂ ಸೇಬಿನಲ್ಲಿಲ್ಲ.

ಕಾಲೇಜಿನಲ್ಲಿ ಗೃಹವಿಜ್ಞಾನ ಪಾಠ ಹೇಳಿ ನಿವೃತ್ತಳಾದವಳು ನಾನು. ಈಗ ತುಮಕೂರಿನ ನಮ್ಮ ಮನೆಯಲ್ಲಿ ಮೊಮ್ಮಗಳನ್ನು ನೋಡಿಕೊಳ್ಳುವುದೇ ಕೆಲಸ. ಮಗಳು, ಅಳಿಯ ಬೆಂಗಳೂರಿನಲ್ಲಿದ್ದಾರೆ. ರಾತ್ರಿ ಫೋನ್ ಬಂದರೆ ಮೊದಲ ಪ್ರಶ್ನೆ ಯಾವಾಗಲೂ ಒಂದೇ.

"ಅಮ್ಮಾ, ಊಟ ಮಾಡಿದ್ಲಾ?"

"ಮಾಡಿದ್ಲು ಕಣೇ, ನಾಲ್ಕು ತುತ್ತು."

"ನಾಲ್ಕೇನಾ? ಕ್ಯಾರೆಟ್?"

"ಉಗಿದ್ಲು."

ಅಲ್ಲಿಗೆ ನನ್ನ ಮಗಳ ನಿದ್ದೆ ಹೋಯಿತು. ಹೆತ್ತ ಕರುಳು, ತಪ್ಪಲ್ಲ. ಆದರೆ ಇದರಲ್ಲಿ ಮುಕ್ಕಾಲು ಪಾಲು ಆತಂಕ ಅನಾವಶ್ಯಕ. ಹುಟ್ಟಿದಾಗ ಮೂರು ಕಿಲೋ ಇದ್ದ ಕೂಸು ವರ್ಷ ತುಂಬುವಾಗ ಒಂಬತ್ತು ಕಿಲೋ ಆಗುತ್ತದೆ. ಎರಡನೇ ವರ್ಷ ಹೆಚ್ಚುವುದು ಎರಡು, ಎರಡೂವರೆ ಕಿಲೋ ಮಾತ್ರ. ಬೆಳವಣಿಗೆ ನಿಧಾನವಾದಾಗ ಹಸಿವೂ ಇಳಿಯುತ್ತದೆ. ಅದೇ ಹೊತ್ತಿಗೆ "ಬೇಡ" ಅನ್ನಲು ಬಾಯಿ ಬಂದಿರುತ್ತದೆ, ಹೊಸ ರುಚಿ ಕಂಡರೆ ಅನುಮಾನ ಶುರುವಾಗಿರುತ್ತದೆ. ಕಂಡದ್ದನ್ನೆಲ್ಲ ಬಾಯಿಗಿಟ್ಟುಕೊಂಡು ನಡೆದಾಡುವ ಮಗು ಬದುಕುವುದುಂಟೇ? ಈ ಅನುಮಾನ ಪ್ರಕೃತಿಯೇ ಇಟ್ಟ ಕಾವಲು ಅಂತ ತಿಳಿದವರು ಹೇಳುತ್ತಾರೆ. ಒಂದು ತರಕಾರಿ ಒಪ್ಪಿಗೆಯಾಗಲು ಅದು ಎಂಟು ಹತ್ತು ಸಲ, ಕೆಲವು ಮಕ್ಕಳಿಗೆ ಇನ್ನೂ ಹೆಚ್ಚು ಸಲ, ತಟ್ಟೆಯಲ್ಲಿ ಕಾಣಿಸಿಕೊಳ್ಳಬೇಕು. ನಾವು ಮೂರನೇ ಸಲಕ್ಕೇ "ಇವಳಿಗೆ ಬೀಟ್‌ರೂಟ್ ಆಗಲ್ಲ" ಅಂತ ತೀರ್ಪು ಕೊಟ್ಟುಬಿಡುತ್ತೇವೆ.

ಇನ್ನು, ಮಗು "ಏನೂ ತಿನ್ನಲ್ಲ" ಅನ್ನುವ ಮನೆಯಲ್ಲಿ ನಾನು ಮೊದಲು ಕೇಳುವುದು ಹಾಲಿನ ಲೆಕ್ಕ. ಬೆಳಿಗ್ಗೆ ಎದ್ದ ತಕ್ಷಣ ಒಂದು ಬಾಟಲಿ, ಹನ್ನೊಂದಕ್ಕೆ ಒಂದು, ಮಲಗಿ ಎದ್ದ ಮೇಲೆ ಬಿಸ್ಕತ್ತಿನ ಜೊತೆ ಒಂದು, ರಾತ್ರಿ ಊಟ ಮಾಡಲಿಲ್ಲವಲ್ಲ ಅಂತ ಕನಿಕರಕ್ಕೆ ಮತ್ತೊಂದು. ಮುಕ್ಕಾಲು ಲೀಟರು ದಾಟಿತು! ಆ ಪುಟ್ಟ ಹೊಟ್ಟೆಯಲ್ಲಿ ಅನ್ನ ಸಾರಿಗೆ ಜಾಗವೆಲ್ಲಿ? ಹಾಲು ಒಳ್ಳೆಯದೇ, ಆದರೆ ಅದರಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ, ವಿಟಮಿನ್ ಸಿ ಕೂಡ ಹಾಗೆಯೇ. ದಿನಕ್ಕೆ ಅರ್ಧ ಲೀಟರು ದಾಟಬಾರದು, ಅದೂ ಊಟವಾದ ಮೇಲೆ, ಲೋಟದಲ್ಲಿ. ನಮ್ಮ ಮನೆಯಲ್ಲಿ ಹನ್ನೊಂದು ಗಂಟೆಯ ಹಾಲು ನಿಂತ ವಾರವೇ ಮಧ್ಯಾಹ್ನದ ಊಟಕ್ಕೆ ಮೊಮ್ಮಗಳು ತಾನಾಗಿ ಬಂದು ಕೂತಳು.

ತರಗತಿಯಲ್ಲಿ ನಾನು ತಪ್ಪದೆ ಹೇಳುತ್ತಿದ್ದ ಕಥೆಯೊಂದಿದೆ. 1920ರ ದಶಕದಲ್ಲಿ ಅಮೆರಿಕದಲ್ಲಿ ಕ್ಲಾರಾ ಡೇವಿಸ್ ಎಂಬ ಮಕ್ಕಳ ವೈದ್ಯೆ, ಆಗಷ್ಟೇ ಎದೆಹಾಲು ಬಿಡುತ್ತಿದ್ದ ಕೂಸುಗಳ ಮುಂದೆ ಬಗೆಬಗೆಯ ಆಹಾರ ಇಟ್ಟು, ಯಾವುದು ಬೇಕೋ ಎಷ್ಟು ಬೇಕೋ ತಾವೇ ತಿನ್ನಲಿ ಎಂದು ಬಿಟ್ಟರು. ದಾದಿಯರು "ಇದು ತಿನ್ನು" ಅನ್ನುವ ಹಾಗಿಲ್ಲ. ಮಗು ಕೈ ತೋರಿಸಿದರೆ ಮಾತ್ರ ಚಮಚ ಎತ್ತಬೇಕು. ಒಂದು ದಿನ ಬರೀ ಮೊಟ್ಟೆ, ಇನ್ನೊಂದು ದಿನ ಬರೀ ಹಣ್ಣು, ಹೀಗೆ ಕೂಸುಗಳು ಮನಸ್ಸು ಬಂದಂತೆ ತಿಂದವು. ಆದರೂ ತಿಂಗಳುಗಳ ಲೆಕ್ಕ ಹಾಕಿದಾಗ ಎಲ್ಲವೂ ಚೆನ್ನಾಗಿ ಬೆಳೆದಿದ್ದವು. ರಿಕೆಟ್ಸ್ ಆಗಿ ಮೂಳೆ ಮೆತ್ತಗಾಗಿದ್ದ ಒಂದು ಮಗುವಿನ ತಟ್ಟೆಯಲ್ಲಿ ಮೀನೆಣ್ಣೆಯ ಬಟ್ಟಲನ್ನೂ ಇಟ್ಟಿದ್ದರು. ಮೂಳೆ ಸರಿಹೋಗುವವರೆಗೆ ಮಗು ಅದನ್ನು ಆಗಾಗ ಕುಡಿದು, ಆಮೇಲೆ ಮುಟ್ಟಲಿಲ್ಲ. ವಿದ್ಯಾರ್ಥಿನಿಯರು ಇಲ್ಲಿ ಬೆರಗಾಗುತ್ತಿದ್ದರು. ನಾನು ಬೆರಳು ಇಡುತ್ತಿದ್ದದ್ದು ಬೇರೆ ಕಡೆ: ಆ ತಟ್ಟೆಯಲ್ಲಿ ಸಕ್ಕರೆ, ಬಿಸ್ಕತ್ತು, ಕುರುಕಲು ಒಂದೂ ಇರಲಿಲ್ಲ. ಯಾವುದನ್ನು ಆರಿಸಿದರೂ ನಷ್ಟವಿರಲಿಲ್ಲ. ಡಾಕ್ಟರಮ್ಮ ಇದನ್ನು ತಾವೇ ಒಪ್ಪಿಕೊಂಡಿದ್ದಾರೆ. ತಟ್ಟೆಗೆ ಏನು ಬೀಳಬೇಕು ಅನ್ನುವುದು ದೊಡ್ಡವರ ಅಧಿಕಾರ, ಎಷ್ಟು ತಿನ್ನಬೇಕು ಅನ್ನುವುದು ಮಗುವಿನ ಅಧಿಕಾರ. ನಮ್ಮ ಮನೆಗಳಲ್ಲಿ ಇದು ಉಲ್ಟಾ. ಏನು ಬೇಕು ಅಂತ ಮಗುವನ್ನು ಕೇಳುತ್ತೇವೆ, ಎಷ್ಟು ಅನ್ನುವುದನ್ನು ಮೊಬೈಲ್ ತೋರಿಸಿ ತುರುಕುತ್ತೇವೆ.

ನಮ್ಮ ಹಿತ್ತಲಿನಲ್ಲಿ ನುಗ್ಗೆಮರ ಇದೆ. ಸೊಪ್ಪು ಬಿಡಿಸುವಾಗ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಕಡ್ಡಿಯ ತುದಿ ಹಿಡಿದು ಸರ್ರನೆ ಕೆಳಗೆ ಎಳೆದರೆ ಎಲೆಗಳೆಲ್ಲ ಒಟ್ಟಿಗೆ ಉದುರುವುದು ಅವಳಿಗೆ ಮಹಾ ಸಂಭ್ರಮ. ಅರ್ಧ ಮೊರದೊಳಗೆ, ಅರ್ಧ ಹೊರಗೆ. ಆ ಸೊಪ್ಪನ್ನು ಸಣ್ಣಗೆ ಹೆಚ್ಚಿ, ಅಕ್ಕಿಹಿಟ್ಟಿಗೆ ಈರುಳ್ಳಿ, ಜೀರಿಗೆ ಜೊತೆ ಕಲಸಿ, ಅವಳ ಅಂಗೈಯಗಲದ ರೊಟ್ಟಿ ತಟ್ಟಿ, ತುಪ್ಪ ಹಾಕಿ ಬೇಯಿಸುತ್ತೇನೆ. ಸಾರಿನಲ್ಲಿ ಒಂದು ಹಸಿರು ಎಲೆ ತೇಲಿದರೂ ಎತ್ತಿ ಆಚೆ ಹಾಕುವವಳು, ತಾನು ಬಿಡಿಸಿದ ಸೊಪ್ಪಿನ ರೊಟ್ಟಿಯಲ್ಲಿ ಅಂಚನ್ನಾದರೂ ಕಡಿಯುತ್ತಾಳೆ. ತುಪ್ಪ ರುಚಿಗೆ ಮಾತ್ರವಲ್ಲ. ಸೊಪ್ಪು, ಕ್ಯಾರೆಟ್, ಪರಂಗಿ, ಸಿಹಿಗುಂಬಳದ ಬಣ್ಣದಲ್ಲಿರುವ ಅಂಶವನ್ನೇ ದೇಹ ವಿಟಮಿನ್ ಎ ಮಾಡಿಕೊಳ್ಳುವುದು, ಅದು ಮೈಗೆ ಹತ್ತಲು ಸ್ವಲ್ಪ ಜಿಡ್ಡು ಬೇಕು. ಎಣ್ಣೆ ಸೋಂಕದ ಬೇಯಿಸಿದ ಕ್ಯಾರೆಟ್ಟನ್ನು ಕಿವುಚಿ ಕೊಡುವ ಪಥ್ಯದ ಊಟ ನನಗೆ ಸೇರದು, ಮಗುವಿಗೂ ಸೇರದು.

ಇನ್ನು ಕಬ್ಬಿಣ. ಅದು ವಿಟಮಿನ್ ಅಲ್ಲದಿದ್ದರೂ ಇಲ್ಲಿ ಬಿಡುವಂತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಕ್ಕಳಿಗೆ ರಕ್ತಹೀನತೆ. ಸೊಪ್ಪು, ಕಾಳಿನಲ್ಲಿರುವ ಕಬ್ಬಿಣ ಸುಲಭಕ್ಕೆ ಮೈಗೆ ಹತ್ತುವುದಿಲ್ಲ, ಜೊತೆಗೆ ವಿಟಮಿನ್ ಸಿ ಇದ್ದರೆ ಹತ್ತುತ್ತದೆ. ಹಾಗಾಗಿ ಬೇಳೆಗೆ ನಿಂಬೆಹಣ್ಣು ಹಿಂಡುವುದು ಒಲೆ ಆರಿಸಿದ ಮೇಲೆ, ಕುದಿಯುವಾಗ ಅಲ್ಲ. ಟೀಗೆ ಅದ್ದಿದ ಬನ್ನು ಮಗುವಿಗೆ ಕೊಡುವವರಿಗೆ ಒಂದು ಮಾತು: ಟೀ ಕಬ್ಬಿಣವನ್ನು ತಡೆಯುತ್ತದೆ.

ನಮ್ಮದು ಮೊಟ್ಟೆ ಒಳಗೆ ಬಾರದ ಮನೆ. ಇಂಥ ಮನೆಗಳಲ್ಲಿ ಬಿ12 ಸಿಗುವುದು ಹಾಲು, ಮೊಸರಿನಿಂದಷ್ಟೆ. ಸೊಪ್ಪು, ಹಣ್ಣು, ಕಾಳು ಯಾವುದರಲ್ಲೂ ಅದಿಲ್ಲ. ಹಾಲಿಗೆ ಮಿತಿ ಹಾಕಿ ಅಂದೆ, ನಿಲ್ಲಿಸಿ ಅನ್ನಲಿಲ್ಲ. ಮೊಸರನ್ನ ಬೇಡವೆನ್ನುವ ಮಕ್ಕಳು ನಮ್ಮ ಕಡೆ ಅಪರೂಪ, ಅದೊಂದು ಪುಣ್ಯ. ಮೊಟ್ಟೆ ತಿನ್ನುವ ಮನೆಯವರು ದಿನಕ್ಕೊಂದು ಕೊಡಲಿ, ಎ ಮತ್ತು ಡಿ ಕೂಡ ಅದರಲ್ಲಿವೆ.

ವಿಟಮಿನ್ ಡಿ ಮಾತ್ರ ತಟ್ಟೆಯಿಂದ ಸಾಲುವಷ್ಟು ಸಿಗುವುದಿಲ್ಲ. ಅಜ್ಜಿಯರು ಎಳೆಬಿಸಿಲು ಕಾಯಿಸಿ ಅನ್ನುತ್ತಾರೆ. ಹಿತವಾಗಿರುತ್ತದೆ ನಿಜ, ಆದರೆ ಚರ್ಮದಲ್ಲಿ ವಿಟಮಿನ್ ಡಿ ಮಾಡುವ ಕಿರಣ ಎಳೆಬಿಸಿಲಿನಲ್ಲಿ ಬಹಳ ಕಡಿಮೆ. ಹತ್ತು ಗಂಟೆ ದಾಟಿದ ಮೇಲೆ ಸ್ವಲ್ಪ ಹೊತ್ತು ಕೈಕಾಲು ಬಿಟ್ಟುಕೊಂಡು ಅಂಗಳದಲ್ಲಿ ಆಡಲಿ, ಬೇಯುವಷ್ಟು ಹೊತ್ತು ಬೇಡ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಕಿಟಕಿ ಗಾಜಿನ ಹಿಂದೆ ಕೂರಿಸಿದರೆ ಪ್ರಯೋಜನವಿಲ್ಲ, ಗಾಜು ಆ ಕಿರಣವನ್ನು ತಡೆಯುತ್ತದೆ. ಅಂಥ ಮಕ್ಕಳಿಗೆ ಡಾಕ್ಟರು ಡ್ರಾಪ್ಸ್ ಬರೆದರೆ ಹಾಕಿ.

ಸರ್ಕಾರದ ಕಡೆಯಿಂದ ಬರುವುದನ್ನು ಓದಿದವರೇ ಮರೆಯುತ್ತಾರೆ. ಒಂಬತ್ತು ತಿಂಗಳಿಗೆ 1 ಲಕ್ಷ ಯೂನಿಟ್, ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್ ವಿಟಮಿನ್ ಎ ದ್ರಾವಣ, ಒಟ್ಟು ಒಂಬತ್ತು ಡೋಸ್. ಅದರ ಜೊತೆ ವಾರಕ್ಕೆರಡು ಸಲ 1 ಮಿ.ಲೀ. ಕಬ್ಬಿಣದ ಸಿರಪ್. ಆಶಾ ಕಾರ್ಯಕರ್ತೆಯನ್ನು ಕೇಳಿ, ತಾಯಿ ಕಾರ್ಡಿನಲ್ಲಿ ಯಾವ ಡೋಸ್ ತಪ್ಪಿದೆ ನೋಡಿ.

ಮಗಳು ಹೋದ ಸಲ ಬ್ಯಾಗಿನಿಂದ ಒಂದು ಡಬ್ಬಿ ತೆಗೆದಳು. ಬಣ್ಣಬಣ್ಣದ ಕರಡಿ ಆಕಾರದ ವಿಟಮಿನ್ ಗಮ್ಮಿ. "ಚಾಕಲೇಟ್ ಥರ ಇರತ್ತಮ್ಮ, ಹಟ ಮಾಡದೆ ತಿಂತಾಳೆ" ಅಂದಳು. ನನ್ನ ತಕರಾರು ಅಲ್ಲೇ ಇರುವುದು. ಚಾಕಲೇಟ್ ಥರ ಇದ್ದರೆ ಮಗು ಒಂದಕ್ಕೆ ನಿಲ್ಲುವುದಿಲ್ಲ. ಸಿ ಹೆಚ್ಚಾದರೆ ಮೂತ್ರದಲ್ಲಿ ಹೋದೀತು, ಎ ಮತ್ತು ಡಿ ಹಾಗಲ್ಲ, ಮೈಯಲ್ಲಿ ಶೇಖರವಾಗಿ ತೊಂದರೆ ಕೊಡುತ್ತವೆ. ಕಬ್ಬಿಣದ ಮಾತ್ರೆ, ಸಿರಪ್ಪು ಮಗುವಿನ ಕೈಗೆ ಸಿಕ್ಕಿ ಒಮ್ಮೆಲೇ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಸಂಚಕಾರ. ಹಾಲಿಗೆ ಬೆರೆಸುವ ಪುಡಿಗಳ ಕಥೆಯೂ ಅಷ್ಟೆ, ಡಬ್ಬಿಯ ಹಿಂಬದಿಯಲ್ಲಿ ಸಕ್ಕರೆ ಎಷ್ಟಿದೆ ಓದಿ. ಅಂಥ ಪೇಯಗಳನ್ನು "ಹೆಲ್ತ್ ಡ್ರಿಂಕ್" ಹೆಸರಿನಡಿ ಮಾರಬೇಡಿ ಎಂದು ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಅಂಗಡಿಗಳಿಗೆ ಹೇಳಬೇಕಾಯಿತು.

ಹಾಗಂತ ಎಲ್ಲವನ್ನೂ "ಹಟ" ಅಂತ ತಳ್ಳಿಹಾಕುವುದೂ ಬೇಡ. ತಾಯಿ ಕಾರ್ಡಿನ ತೂಕದ ಗೆರೆ ಮೇಲೇರದೆ ಅಡ್ಡಡ್ಡ ಹೋಗುತ್ತಿದ್ದರೆ, ಮಗು ಬಿಳಿಚಿಕೊಂಡು ಸುಸ್ತಾಗಿದ್ದರೆ, ಮಣ್ಣು, ಬಳಪ ತಿನ್ನುತ್ತಿದ್ದರೆ, ನುಂಗುವಾಗ ಪದೇ ಪದೇ ಕೆಮ್ಮಿದರೆ, ಮೊದಲು ತಿನ್ನುತ್ತಿದ್ದ ಪದಾರ್ಥಗಳನ್ನು ಒಂದೊಂದಾಗಿ ಬಿಡುತ್ತ ಎರಡು ಮೂರಕ್ಕೆ ಬಂದು ನಿಂತಿದ್ದರೆ, ಮನೆಮದ್ದು ಬಿಟ್ಟು ಮಕ್ಕಳ ಡಾಕ್ಟರ ಹತ್ತಿರ ಹೋಗಬೇಕು. ಹೋಗುವ ಮುಂಚೆ ಒಂದು ವಾರ, ಮಗು ತಿಂದದ್ದು, ಕುಡಿದದ್ದು ಎಲ್ಲವನ್ನೂ ಹಾಲಿನ ಲೋಟದ ಸಮೇತ ಬರೆದಿಟ್ಟುಕೊಳ್ಳಿ. ಮಗಳಿಗೂ ಇದನ್ನೇ ಹೇಳಿದ್ದೆ. ಅವಳ ರಜೆಯ ವಾರದಲ್ಲಿ ಬರೆದ ಪಟ್ಟಿಯಲ್ಲಿ ಸೀಬೆ, ಪರಂಗಿ, ರಾಗಿ ಸರಿ, ಮೊಸರನ್ನ, ಹೆಸರುಬೇಳೆ ತೊವ್ವೆ, ನುಗ್ಗೆಸೊಪ್ಪಿನ ರೊಟ್ಟಿಯ ಅಂಚುಗಳು ಎಲ್ಲವೂ ಇದ್ದವು, ಕ್ಯಾರೆಟ್ ಒಂದನ್ನು ಬಿಟ್ಟು. ಪರಂಗಿ ತಿನ್ನುವ ಮಗುವಿಗೆ ಕ್ಯಾರೆಟ್ಟಿನ ಹಂಗಿಲ್ಲ.