ಶೇಂಗಾದಲ್ಲಿ ಅಡಗಿದ ವಿಷದ ಪತ್ತೆಗೆ ದ್ರವ ಲವಣ

ಶೇಂಗಾ ಬೆಳೆಗಾರರಿಗೆ ಇಳುವರಿಯಷ್ಟೇ ಮುಖ್ಯವಾದುದು ಕಾಳಿನ ಶುದ್ಧತೆ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಕಾಳಿನ ಮೇಲೆ ಬೆಳೆದಾಗ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪತ್ತಿ ಮಾಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಬ್ರೆಜಿಲ್ ದೇಶದಿಂದ ತರಿಸಿದ ಶೇಂಗಾ ಹಿಂಡಿಯಲ್ಲಿದ್ದ ಈ ವಿಷವೇ ಅದಕ್ಕೆ ಕಾರಣವೆಂದು ಮುಂದೆ ತಿಳಿದುಬಂದಿತು. ಇದು ಮನುಷ್ಯರಲ್ಲಿ ಯಕೃತ್ತಿನ ಕ್ಯಾನ್ಸರ್ ಉಂಟುಮಾಡಬಲ್ಲದು. ಹುರಿಯುವುದರಿಂದಾಗಲಿ ಬೇಯಿಸುವುದರಿಂದಾಗಲಿ ಪೂರ್ಣವಾಗಿ ನಾಶವಾಗುವುದಿಲ್ಲ.

ಯುರೋಪಿನ ಒಕ್ಕೂಟವು ನೇರವಾಗಿ ತಿನ್ನುವ ಶೇಂಗಾದಲ್ಲಿ ಕಿಲೋಗ್ರಾಂಗೆ 4 ಮೈಕ್ರೋಗ್ರಾಂಗಿಂತ ಹೆಚ್ಚು ಅಫ್ಲಾಟಾಕ್ಸಿನ್ ಇರಕೂಡದೆಂದು ಮಿತಿ ಹಾಕಿದೆ. ಅಂದರೆ ತಲಾ 10 ಟನ್ ಹೊತ್ತ 100 ಲಾರಿಗಳ ಕಾಳಿನಲ್ಲಿ ಕೇವಲ 4 ಗ್ರಾಂ! ಇಷ್ಟು ಅಲ್ಪ ಪ್ರಮಾಣದ ವಿಷವನ್ನು ಗುರುತಿಸುವುದು ಹೇಗೆ?

ಅಣುಗಳ ತಕ್ಕಡಿ

ಇದಕ್ಕೆ ಬಳಸುವ ಉಪಕರಣಗಳಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಒಂದು. ಇದನ್ನು ಅಣುಗಳ ತಕ್ಕಡಿ ಎನ್ನಬಹುದು. ಇದರ ಮಾಲ್ಡಿ ಎಂಬ ವಿಧಾನದಲ್ಲಿ, ಕಾಳಿನಿಂದ ತೆಗೆದ ಸಾರವನ್ನು ಬೆಳಕು ಹೀರುವ ಒಂದು ಆಮ್ಲದೊಡನೆ ಬೆರೆಸಿ ಲೋಹದ ಫಲಕದ ಮೇಲೆ ಹನಿಯಾಗಿ ಹಾಕಿ ಒಣಗಿಸುತ್ತಾರೆ. ಗಾಳಿಯನ್ನು ಹೊರತೆಗೆದ ಕೋಣೆಯಲ್ಲಿ ಅದರ ಮೇಲೆ ಲೇಸರ್ ಬೆಳಕನ್ನು ಕ್ಷಣಮಾತ್ರ ಹಾಯಿಸುತ್ತಾರೆ. ಆಮ್ಲವು ಬೆಳಕನ್ನು ಹೀರಿ ಮೇಲಕ್ಕೆ ಚಿಮ್ಮುವಾಗ ವಿಷದ ಅಣುಗಳನ್ನೂ ಹೊತ್ತೊಯ್ಯುತ್ತದೆ. ವಿದ್ಯುದಂಶ ಪಡೆದ ಅಣುಗಳು ಕೊಳವೆಯೊಳಗೆ ಓಡುತ್ತವೆ. ಒಂದೇ ಬಲದಿಂದ ನೂಕಿದಾಗ ಬರಿ ಗಾಡಿ ಬೇಗನೆ, ಹೇರು ತುಂಬಿದ ಗಾಡಿ ತಡವಾಗಿ ಸಾಗುವಂತೆ, ಹಗುರ ಅಣುಗಳು ಮೊದಲು, ಭಾರದವು ನಂತರ ಗುರಿ ಮುಟ್ಟುತ್ತವೆ. ತಗುಲಿದ ಸಮಯದಿಂದ ಅಣುವಿನ ತೂಕ ತಿಳಿಯುತ್ತದೆ.

ಸಣ್ಣ ಅಣುಗಳ ತೊಡಕು

ಸಾವಿರಾರು ತೂಕವಿರುವ ಪ್ರೋಟೀನುಗಳಿಗೆ ಈ ವಿಧಾನ ಚೆನ್ನಾಗಿ ಹೊಂದುತ್ತದೆ. ಆದರೆ ಅಫ್ಲಾಟಾಕ್ಸಿನ್ ಬಿ1 ಅಣುವಿನ ತೂಕ 312 ಮಾತ್ರ. ಇಂತಹ ಸಣ್ಣ ಅಣುಗಳಲ್ಲಿ ಎರಡು ತೊಡಕುಗಳುಂಟು. ಮೊದಲನೆಯದಾಗಿ, ಜೊತೆಗೆ ಬೆರೆಸಿದ ಆಮ್ಲವೂ ಸಣ್ಣ ಅಣುವೇ. ಅದರ ಸಂಕೇತಗಳು ಇದೇ ತೂಕದ ಆಸುಪಾಸಿನಲ್ಲಿ ಬಿದ್ದು, ಗದ್ದೆಯ ಕಳೆ ಪೈರನ್ನು ಮರೆಮಾಡುವಂತೆ ವಿಷದ ಸಂಕೇತವನ್ನು ಮರೆಮಾಡುತ್ತವೆ. ಎರಡನೆಯದಾಗಿ, ಒಣಗಿದ ಆಮ್ಲ ಹರಳುಗಟ್ಟುತ್ತದೆ. ವಿಷ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಸೇರುವುದರಿಂದ ಬೆಳಕು ಬಿದ್ದ ಜಾಗಕ್ಕೆ ತಕ್ಕಂತೆ ಫಲಿತಾಂಶ ಬದಲಾಗುತ್ತದೆ.

ದ್ರವ ಲವಣದ ಉಪಯೋಗ

ಅಡಿಗೆ ಉಪ್ಪು ಕರಗಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಆದರೆ 100 ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿಯೇ ದ್ರವವಾಗಿರುವ ಲವಣಗಳೂ ಇವೆ. ಇವುಗಳಿಗೆ ಅಯಾನಿಕ ದ್ರವಗಳೆಂದು ಹೆಸರು. ಇವು ಗಾಳಿಯಿಲ್ಲದ ಕೋಣೆಯಲ್ಲಿಯೂ ಸುಲಭವಾಗಿ ಆವಿಯಾಗುವುದಿಲ್ಲ. ಮಾಲ್ಡಿಗೆ ಬಳಸುವ ಆಮ್ಲಕ್ಕೆ ತಕ್ಕ ಪ್ರತ್ಯಾಮ್ಲ ಸೇರಿಸಿದರೆ ಬೆಳಕು ಹೀರುವ ಇಂತಹ ಲವಣ ಸಿದ್ಧವಾಗುತ್ತದೆ. 2001ರಲ್ಲಿ ಅಮೆರಿಕದ ವಿಜ್ಞಾನಿಗಳು ಈ ಮಾರ್ಗವನ್ನು ತೋರಿಸಿಕೊಟ್ಟರು. ಸಕ್ಕರೆ ಹರಳುಗಳಿಗೂ ಜೋನಿ ಬೆಲ್ಲಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ: ದ್ರವದಲ್ಲಿ ಸಾರವು ಎಲ್ಲೆಡೆ ಸಮನಾಗಿ ಹರಡಿಕೊಳ್ಳುತ್ತದೆ.

2005ರಲ್ಲಿ ಬ್ರೆಜಿಲಿನ ಕಂಪಿನಾಸ್ ವಿಶ್ವವಿದ್ಯಾನಿಲಯದ ಸಂಶೋಧಕರು ಟ್ರೈಎಥಿಲಮೀನ್ ಸೇರಿಸಿದ ಅಯಾನಿಕ ದ್ರವವನ್ನು ಅಫ್ಲಾಟಾಕ್ಸಿನ್ ಪತ್ತೆಗೆ ಬಳಸಿದರು. 500ಕ್ಕಿಂತ ಕಡಿಮೆ ತೂಕದ ಭಾಗದಲ್ಲಿ ಕಾಣುತ್ತಿದ್ದ ಅನ್ಯ ಸಂಕೇತಗಳು ಬಹುಮಟ್ಟಿಗೆ ಇಲ್ಲವಾದವು. ಸ್ವಲ್ಪ ಅಡಿಗೆ ಉಪ್ಪು ಬೆರೆಸಿದಾಗ ಅದರ ಸೋಡಿಯಂ ವಿಷದ ಅಣುವಿಗೆ ಅಂಟಿಕೊಂಡು ಸಂಕೇತ ಇನ್ನೂ ಸ್ಪಷ್ಟವಾಯಿತು. ಬಿ1ರ 312ಕ್ಕೆ ಸೋಡಿಯಂನ 23 ಸೇರಿ 335ರಲ್ಲಿ ಅದು ಕಾಣುತ್ತದೆ. ಇದು ಅನೇಕ ಮಾದರಿಗಳನ್ನು ಶೀಘ್ರವಾಗಿ ಜಾಲಿಸಿ ನೋಡುವ ವಿಧಾನ. ಸಂಶಯ ಬಂದ ಮಾದರಿಯ ವಿಷವನ್ನು ಬೇರೆ ವಿಧಾನದಿಂದ ನಿಖರವಾಗಿ ಅಳೆಯಬೇಕಾಗುತ್ತದೆ.

ರೈತರು ಗಮನಿಸಬೇಕಾದ ಅಂಶಗಳು

ಯಂತ್ರ ಎಷ್ಟೇ ಸೂಕ್ಷ್ಮವಾಗಿದ್ದರೂ ಅದು ತನ್ನ ಮುಂದಿಟ್ಟ ಮಾದರಿಯ ವಿಷಯವನ್ನು ಮಾತ್ರ ಹೇಳಬಲ್ಲದು. ವಿಷವು ಚೀಲದ ಎಲ್ಲ ಕಾಳುಗಳಲ್ಲಿಯೂ ಇರುವುದಿಲ್ಲ; ಕೆಲವೇ ಕಾಳುಗಳಲ್ಲಿ ಸೇರಿಕೊಂಡಿರುತ್ತದೆ. ಆದುದರಿಂದ ಹಲವು ಚೀಲಗಳ ಮೇಲಿನಿಂದ, ನಡುವಿನಿಂದ ಮತ್ತು ತಳದಿಂದ ಕಾಳು ತೆಗೆದು, ಬೆರೆಸಿ, ಪುಡಿಮಾಡಿ, ಅದರಿಂದ ಮಾದರಿ ಕಳುಹಿಸಬೇಕು.

ಪತ್ತೆಗಿಂತ ತಡೆಯುವುದೇ ಲೇಸು. ಕಾಯಿ ಬಲಿತ ಕೂಡಲೇ ಪೆಟ್ಟಾಗದಂತೆ ಕೀಳಬೇಕು. ತೇವಾಂಶ ಶೇಕಡ 8ಕ್ಕೆ ಇಳಿಯುವವರೆಗೆ ಒಣಗಿಸಬೇಕು. ಚೆನ್ನಾಗಿ ಒಣಗಿದ ಕಾಯಿ ಅಲುಗಿಸಿದರೆ ಸದ್ದು ಮಾಡುತ್ತದೆ. ಸುಲಿಯಲು ಸುಲಭವೆಂದು ಕಾಯಿಗಳಿಗೆ ನೀರು ಚಿಮುಕಿಸುವುದು ಬೂಷ್ಟಿಗೆ ಆಹ್ವಾನ ಕೊಟ್ಟಂತೆ. ಚೀಲಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಜೋಡಿಸಬೇಕು. ಮುದುಡಿದ, ಬಣ್ಣಗೆಟ್ಟ ಕಾಳುಗಳನ್ನು ಆರಿಸಿ ತೆಗೆಯಬೇಕು. ಅವನ್ನು ಗಾಣಕ್ಕೂ ಹಾಕಬಾರದು. ಏಕೆಂದರೆ ವಿಷದ ಹೆಚ್ಚಿನ ಭಾಗ ಹಿಂಡಿಯಲ್ಲಿಯೇ ಉಳಿದು, ಹಿಂಡಿ ತಿಂದ ಹಸುವಿನ ಹಾಲಿನ ಮೂಲಕ ಮನೆಯ ಮಕ್ಕಳನ್ನೇ ತಲುಪಬಹುದು.