ಅರ್ಧ ಬೆಳಕು, ಅರ್ಧ ಕತ್ತಲು: ಮಿಂಚಿನ ಫೋಟೊದಲ್ಲಿ ಈ ಗೆರೆ ಏಕೆ ಬರುತ್ತದೆ?

ಏಪ್ರಿಲ್, ಮೇ ತಿಂಗಳಲ್ಲಿ ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಸುತ್ತಮುತ್ತ ಸಂಜೆ ಮೋಡ ಕಟ್ಟಿ ಗುಡುಗು ಸಹಿತ ಮಳೆ ಬರುವುದು ಸಾಮಾನ್ಯ. ಬೆನ್ನಲ್ಲೇ ವಾಟ್ಸ್ಆ್ಯಪ್ ಸ್ಟೇಟಸ್‌ಗಳಲ್ಲಿ ಮಿಂಚಿನ ಫೋಟೊಗಳು ಬರುತ್ತವೆ. ಕೆಲವು ಫೋಟೊಗಳಲ್ಲಿ ಒಂದು ಭಾಗ ಹಗಲಿನಂತೆ ಬೆಳಗಿದ್ದರೆ, ಗೆರೆ ಎಳೆದ ಹಾಗೆ ಇನ್ನೊಂದು ಭಾಗ ಕತ್ತಲಾಗಿರುತ್ತದೆ. ಕೆಲವರು ಇದನ್ನು ‘ಎಡಿಟ್ ಮಾಡಿದ್ದು’ ಎನ್ನುತ್ತಾರೆ. ಇನ್ನು ಕೆಲವರು ‘ಫೋನೇ ಸಿಡಿಲನ್ನು ಎಳೆಯಿತು’ ಎಂದು ಫಾರ್ವರ್ಡ್ ಮಾಡುತ್ತಾರೆ. ನಿಜ ಏನು?

ಗೆರೆ ಬರುವುದು ಹೀಗೆ

ಹೆಚ್ಚಿನ ಫೋನ್ ಕ್ಯಾಮೆರಾಗಳು ಇಡೀ ಚಿತ್ರವನ್ನು ಒಂದೇ ಸಲಕ್ಕೆ ದಾಖಲಿಸುವುದಿಲ್ಲ. ಸೆನ್ಸರ್ ಒಂದು ಸಾಲಿನ ನಂತರ ಇನ್ನೊಂದು ಸಾಲನ್ನು ಓದುತ್ತಾ ಹೋಗುತ್ತದೆ. ಇದಕ್ಕೆ ‘ರೋಲಿಂಗ್ ಶಟರ್’ ಎನ್ನುತ್ತಾರೆ. ಮಿಂಚಿನ ಒಂದು ಹೊಡೆತದ ಪ್ರಖರ ಬೆಳಕು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತು ಇರಬಹುದು. ಆ ಹೊತ್ತಿನಲ್ಲಿ ಬೆಳಕಿಗೆ ತೆರೆದುಕೊಂಡಿದ್ದ ಸಾಲುಗಳು ಬೆಳಗುತ್ತವೆ, ಉಳಿದವು ಕತ್ತಲಾಗಿರುತ್ತವೆ. ಆದ್ದರಿಂದ ಗೆರೆ ಇದೆ ಎಂದ ಮಾತ್ರಕ್ಕೆ ಫೋಟೊ ನಕಲಿ ಅಲ್ಲ.

ಬೇರೆ ದೋಷಗಳು

• ಹಸಿರು, ನೇರಳೆ ಚುಕ್ಕೆಗಳು: ಲೆನ್ಸ್‌ನೊಳಗೆ ಬೆಳಕು ಪ್ರತಿಫಲಿಸಿದ ಗುರುತು. ಹಾರುವ ತಟ್ಟೆಯಲ್ಲ.
• ಒಂದೇ ಫೋಟೊದಲ್ಲಿ ಹತ್ತಾರು ಮಿಂಚು: ಶಟರನ್ನು ಬಹಳ ಹೊತ್ತು ತೆರೆದಿಟ್ಟಾಗ ಬೇರೆ ಬೇರೆ ಕ್ಷಣದ ಮಿಂಚುಗಳು ಒಟ್ಟಿಗೆ ಮೂಡಿರಬಹುದು.
• ಮಸುಕು: ಹೆಚ್ಚಾಗಿ ಕೈ ನಡುಗಿದ್ದರಿಂದ.

ಫೋನ್ ಸಿಡಿಲನ್ನು ಸೆಳೆಯುತ್ತದೆಯೇ?

ಇಲ್ಲ. ಸಿಡಿಲು ಎಲ್ಲಿ ಬಡಿಯಬಹುದು ಎಂಬುದಕ್ಕೆ ಎತ್ತರ, ಆಕಾರ, ಒಂಟಿಯಾಗಿ ನಿಂತಿರುವುದು ಮುಖ್ಯ. ಫೋನಿನ ಸಿಗ್ನಲ್ ಅಥವಾ ಅದರಲ್ಲಿರುವ ಲೋಹ ಕಾರಣವಲ್ಲ. ಅಪಾಯ ಇರುವುದು ನೀವು ನಿಂತ ಜಾಗದಲ್ಲಿ. ಫೋಟೊಗಾಗಿ ತಾರಸಿ ಹತ್ತಿದರೆ, ಬಯಲು ಹೊಲದಲ್ಲಿ ನಿಂತರೆ, ಅಲ್ಲಿ ಎತ್ತರದ ವಸ್ತು ನೀವೇ ಆಗಬಹುದು. ಮರದ ಕೆಳಗೂ ನಿಲ್ಲಬೇಡಿ.

ತಾರಸಿಗೆ ಹೋದರೂ ಫೋಟೊದ ಗೆರೆ ಹೋಗುವುದಿಲ್ಲ, ಏಕೆಂದರೆ ಅದು ಸೆನ್ಸರ್‌ನಿಂದ ಬಂದದ್ದು.

ಹಾಗಾದರೆ ಒಳ್ಳೆಯ ಫೋಟೊ ಹೇಗೆ?

ಕೋಣೆಯ ದೀಪ ಆರಿಸಿ, ಮುಚ್ಚಿದ ಕಿಟಕಿಯ ಕಡೆಗೆ ಮುಖ ಮಾಡಿ ಫೋನನ್ನು ಮೇಜಿನ ಮೇಲೆ ಒರಗಿಸಿಡಿ. ಚಾರ್ಜರ್ ತೆಗೆದು, ವಿಡಿಯೊ ಆನ್ ಮಾಡಿ ನೀವು ಕಿಟಕಿಯಿಂದ ದೂರ ಬನ್ನಿ. ಒಂದು ಮಿಂಚಿನಲ್ಲಿ ಹಲವು ಹೊಡೆತಗಳಿರುತ್ತವೆ. ಆದ್ದರಿಂದ ಒಂದು ಫ್ರೇಮ್ ಅರ್ಧವಾದರೂ ಇನ್ನೊಂದರಲ್ಲಿ ಪೂರ್ತಿ ಚಿತ್ರ ಸಿಗಬಹುದು. ಅದನ್ನು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ.

ನೆನಪಿಡಿ

ಮಿಂಚಿಗೂ ಗುಡುಗಿಗೂ ನಡುವೆ 3 ಸೆಕೆಂಡ್ ಅಂತರವಿದ್ದರೆ ಸಿಡಿಲು ಸುಮಾರು 1 ಕಿ.ಮೀ. ದೂರದಲ್ಲಿದೆ. ಗುಡುಗು ಕೇಳಿಸುವಷ್ಟು ಹತ್ತಿರದಲ್ಲಿದ್ದರೆ ನಿಮ್ಮಲ್ಲಿಗೂ ಬಡಿಯಬಹುದು. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಒಳಗೇ ಇರಿ. ಮುನ್ನೆಚ್ಚರಿಕೆಗೆ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ಬಳಸಬಹುದು.

ಮುಂದಿನ ಸಲ ಅರ್ಧ ಬೆಳಗಿದ ಮಿಂಚಿನ ಫೋಟೊ ಬಂದರೆ ಫಾರ್ವರ್ಡ್ ಮಾಡಿ, ಜೊತೆಗೆ ‘ತಾರಸಿಗೆ ಹೋಗಬೇಡಿ’ ಎಂಬ ಮಾತನ್ನೂ ಸೇರಿಸಿ.